ಚೌಕಿಯಿಂದ ತರಗತಿಗೆ: ಕುಣಿತ ಪಾಠವಾದ ಕಥೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಾರದವರನ್ನು ಗೇಲಿ ಮಾಡಲು ನಾವು ಬಳಸುವ ಗಾದೆ ಇದು. ಆದರೆ ನೆಲವೇ ಡೊಂಕಾಗಿರುವ ಸಂದರ್ಭಗಳೂ ಉಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಒಬ್ಬ ಹುಡುಗನೋ ಹುಡುಗಿಯೋ ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಅರ್ಜಿ ತುಂಬುವ ಹೊತ್ತನ್ನು ನೆನೆಯಿರಿ. ಶಾಲೆಯಲ್ಲಿ ಮೂರು ನಾಲ್ಕು ವರ್ಷ ಯಕ್ಷಗಾನದ ಹೆಜ್ಜೆ ಕಲಿತು, ಗೆಜ್ಜೆ ಕಟ್ಟಿ, ಊರವರೆದುರು ಅಭಿಮನ್ಯುವಾಗಿ ಕುಣಿದ ಮಗು ಅದು. ಅದರ ಮುಂದಿರುವ ವಿಷಯಗಳ ಪಟ್ಟಿಯಲ್ಲಿ ಭೌತಶಾಸ್ತ್ರವಿದೆ, ಲೆಕ್ಕಶಾಸ್ತ್ರವಿದೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತಗಳೂ ಇವೆ. ಕುಣಿತ ಮಾತ್ರ ಇಲ್ಲ.

ಕೇಂದ್ರೀಯ ಮಂಡಳಿಯ, ಅಂದರೆ ಸಿಬಿಎಸ್‌ಇಯ ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳಲ್ಲಿ ನೃತ್ಯವನ್ನು ಐಚ್ಛಿಕ ವಿಷಯವಾಗಿ ಓದಬಹುದು. ಕಥಕ್, ಭರತನಾಟ್ಯ, ಕೂಚಿಪುಡಿ, ಒಡಿಸ್ಸಿ, ಮಣಿಪುರಿ, ಕಥಕಳಿಗಳಿಗೆ ಅಲ್ಲಿ ಪಠ್ಯಕ್ರಮವಿದೆ, ಲಿಖಿತ ಪರೀಕ್ಷೆಯಿದೆ, ಅದಕ್ಕಿಂತ ಹೆಚ್ಚು ಅಂಕಗಳ ಪ್ರಾಯೋಗಿಕ ಪರೀಕ್ಷೆಯಿದೆ. ನೆರೆಯ ಕೇರಳದ ಕಥಕಳಿಗೆ ಸಿಕ್ಕಿದ ಮಣೆ ನಮ್ಮ ಯಕ್ಷಗಾನಕ್ಕೆ ಅಲ್ಲಿ ಸಿಕ್ಕಿಲ್ಲ. ಯಕ್ಷಗಾನವನ್ನು ಕ್ರಮಬದ್ಧವಾಗಿ ಕಲಿಸಲು ಬರುವುದಿಲ್ಲವೇ? ಅದಕ್ಕೆ ಪಠ್ಯಕ್ರಮವೆಂಬುದು ಇರಲೇ ಇಲ್ಲವೇ? ಇತಿಹಾಸವನ್ನು ನೋಡಿದರೆ ಉತ್ತರ ಬೇರೆಯೇ ಆಗಿದೆ.

ರಾತ್ರಿಯೇ ಶಾಲೆ

ಬಯಲಾಟದ ಒಂದು ಪೂರ್ಣರಾತ್ರಿಯ ಕ್ರಮವನ್ನು ಗಮನಿಸಿದವರಿಗೆ ಇದು ಹೊಳೆಯದಿರದು. ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆ ರಂಗಕ್ಕೆ ಮೊದಲು ಬರುವವರು ಕೋಡಂಗಿಗಳು. ಇವರು ಮೇಳಕ್ಕೆ ಆಗಷ್ಟೇ ಸೇರಿದ ಪುಟ್ಟ ಹುಡುಗರು. ಅನಂತರ ಬಾಲಗೋಪಾಲರು, ಎಂದರೆ ಬಲರಾಮ ಕೃಷ್ಣರ ವೇಷದ ಇಬ್ಬರು ಹುಡುಗರು. ಆಮೇಲೆ ಪೂರ್ವರಂಗದ ಸ್ತ್ರೀವೇಷಗಳು. ಇಷ್ಟಾದ ಮೇಲೆ ಒಡ್ಡೋಲಗ, ಪ್ರಸಂಗದ ಆರಂಭ. ಆ ಹೊತ್ತಿಗೆ ಹಾಡುತ್ತಿದ್ದವನೂ ಮುಖ್ಯ ಭಾಗವತನಲ್ಲ. ಭಾಗವತಿಕೆ ಕಲಿಯುತ್ತಿದ್ದ ಸಂಗೀತಗಾರ.

ಪ್ರೇಕ್ಷಕರಿಗೆ ಇದು ಆಟದ ಪೀಠಿಕೆ; ಮೇಳದವರಿಗೆ ಇದೇ ತರಗತಿ. ಕೋಡಂಗಿಯಾಗಿ ಕುಣಿದ ಹುಡುಗನಿಗೆ ಮೊದಲು ಅಭ್ಯಾಸವಾಗುತ್ತಿದ್ದುದು ತಾಳ ಮತ್ತು ಸಭಾಕಂಪದ ನಿವಾರಣೆ. ತಪ್ಪಿದರೆ ಯಾರೂ ಗದರುತ್ತಿರಲಿಲ್ಲ, ಏಕೆಂದರೆ ಕೋಡಂಗಿ ಎಂದರೆ ತಪ್ಪಲು ಅವಕಾಶವಿದ್ದ ವೇಷ. ಒಂದೆರಡು ತಿರುಗಾಟ ಕಳೆದ ಮೇಲೆ ಬಾಲಗೋಪಾಲ. ಜೊತೆಗಾರನೊಂದಿಗೆ ಸಮನಾಗಿ ಹೆಜ್ಜೆ ಇಡುವ ಕಲೆ ಅಲ್ಲಿ ಬರಬೇಕು. ಸ್ತ್ರೀವೇಷದಲ್ಲಿ ಲಾಸ್ಯ, ಬಳುಕು. ಅದು ದಾಟಿದರೆ ಪುರುಷವೇಷ, ಕೊನೆಗೆ ವರ್ಷಗಳ ದುಡಿಮೆಯ ಮೇಲೆ ಎರಡನೇ ವೇಷ. ಬಡಗಿನಲ್ಲಿ ಎರಡನೇ ವೇಷವೆಂದರೆ ಮೇಳದ ಪ್ರಧಾನ ಸ್ಥಾನ. ಹೀಗೆ ಸಂಜೆಯಿಂದ ಬೆಳಗಿನವರೆಗಿನ ಆಟವೇ ಒಂದನೇ ತರಗತಿಯಿಂದ ಪದವಿಯವರೆಗಿನ ವಿದ್ಯಾಲಯವಾಗಿತ್ತು. ಹುಡುಗ ತನ್ನ ವೇಷ ಮುಗಿಸಿ ಬಣ್ಣ ತೆಗೆದು, ರಂಗದ ಬದಿಯಲ್ಲಿ ಕುಳಿತು, ಹಿರಿಯರು ಏನು ಮಾಡುತ್ತಾರೆಂದು ನಿದ್ದೆಗಣ್ಣಿನಲ್ಲಿ ನೋಡುತ್ತಿದ್ದ. ಆ ನೋಟವೂ ಪಾಠದ ಭಾಗವೇ.

ಊರಿನ ಶಾಲೆಗೂ ಯಕ್ಷಗಾನಕ್ಕೂ ನಂಟು ಇರಲಿಲ್ಲವೆಂದಲ್ಲ. ಐಗಳ ಮಠಗಳ ಕಾಲದ ಹೂವಿನಕೋಲನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ನವರಾತ್ರಿಯಲ್ಲಿ ಹೂ ಸುತ್ತಿದ ಕೋಲುಗಳೊಂದಿಗೆ ಮಕ್ಕಳು ಭಾಗವತ, ಮದ್ದಳೆಗಾರರ ಜೊತೆ ಮನೆಮನೆಗೆ ಹೋಗಿ, ಕುಳಿತು, ಯಕ್ಷಗಾನದ ಪದ್ಯಗಳಿಗೆ ಅರ್ಥ ಹೇಳುತ್ತಿದ್ದರು. ಬಣ್ಣವಿಲ್ಲ, ಕುಣಿತವಿಲ್ಲ, ತಾಳ ಮತ್ತು ಮಾತು ಮಾತ್ರ. ಮನೆಯವರು ಕೊಟ್ಟ ಅಕ್ಕಿ, ಕಾಯಿ, ಹಣ ಕಲಿಸಿದವರಿಗೆ ಸಲ್ಲುತ್ತಿತ್ತು. ಮಾತಿನ ಪಾಠ ಐಗಳಲ್ಲಿ, ಕುಣಿತದ ಪಾಠ ಚೌಕಿಯಲ್ಲಿ ಎಂಬ ಒಂದು ಹಂಚಿಕೆ ಹೀಗೆ ತಾನಾಗಿ ಏರ್ಪಟ್ಟಿತ್ತು.

ಎರಡು ಊರು, ಎರಡು ನಡೆ

ಹೀಗೆ ಕಲಿತ ಕಲೆ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಬ್ರಹ್ಮಾವರದ ಆಸುಪಾಸಿನ ಹಾರಾಡಿ ಮತ್ತು ಮಟಪಾಡಿಗಳೇ ಸಾಕ್ಷಿ. ಒಂದಕ್ಕೊಂದು ಹತ್ತಿರದ ಈ ಎರಡು ಹಳ್ಳಿಗಳ ಹೆಸರಿನಲ್ಲಿ ಬಡಗುತಿಟ್ಟಿನ ಒಳಗೇ ಎರಡು ಶೈಲಿಗಳು ಬೆಳೆದವು. ಹಾರಾಡಿ ರಾಮ ಗಾಣಿಗರು, ಹಾರಾಡಿ ಕುಷ್ಟ ಗಾಣಿಗರು ಒಂದರ ಪ್ರತಿನಿಧಿಗಳು. ಮಟಪಾಡಿ ವೀರಭದ್ರ ನಾಯಕರು ಇನ್ನೊಂದರ ಪ್ರತಿನಿಧಿ. ಬಲ್ಲ ಪ್ರೇಕ್ಷಕ ವೇಷದ ಹೆಜ್ಜೆ ನೋಡಿಯೇ ಇದು ಯಾವ ಊರಿನ ಕಲಿಕೆ ಎಂದು ಹೇಳಬಲ್ಲವನಾಗಿದ್ದ. ಬರೆದಿಟ್ಟ ಪುಸ್ತಕವಿಲ್ಲದೆ, ಅಂಕಪಟ್ಟಿಯಿಲ್ಲದೆ ಎರಡು ಶೈಲಿಗಳು ತಲೆಮಾರು ದಾಟಿ ಉಳಿದವೆಂದರೆ ಕಲಿಸುವ ಕ್ರಮ ಗಟ್ಟಿಯಾಗಿತ್ತೆಂದೇ ಅರ್ಥ.

ಆ ಕ್ರಮಕ್ಕೆ ಪೆಟ್ಟು ಬಿದ್ದದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ. ಟಿಕೆಟಿನ ಡೇರೆ ಮೇಳಗಳು ಬಂದಾಗ ಹಣ ಕೊಟ್ಟು ಬಂದವರಿಗೆ ಕೋಡಂಗಿಯನ್ನು ನೋಡುವ ತಾಳ್ಮೆ ಇರಲಿಲ್ಲ. ಪೂರ್ವರಂಗ ಮೊಟಕಾಯಿತು. ಮುಂದೆ ಬದಲಾದ ಜೀವನಕ್ರಮ, ಆಮೇಲೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಹಾಕಿದ ನಿರ್ಬಂಧ, ಇವೆಲ್ಲ ಸೇರಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿದವು. ಮೂರು ತಾಸಿನಲ್ಲಿ ಪ್ರಸಂಗ ಮುಗಿಯಬೇಕಾದಾಗ ಮೊದಲು ಕತ್ತರಿ ಬೀಳುವುದು ಆರಂಭಕ್ಕೇ. ಇದನ್ನು ಬರಿಯ ಸಮಯದ ಉಳಿತಾಯವೆಂದು ತಿಳಿದವರು ಬಹಳ. ನಿಜದಲ್ಲಿ ಕಡಿದುಹೋದದ್ದು ಏಣಿಯ ಕೆಳಗಿನ ಮೆಟ್ಟಿಲುಗಳು. ಮೇಲಿನ ಮೆಟ್ಟಿಲು ಹಾಗೆಯೇ ಇದೆ, ಹತ್ತುವ ದಾರಿ ಇಲ್ಲ.

ತರಗತಿಯ ಹುಟ್ಟು

ಇದನ್ನು ಗುರುತಿಸಿದವರಲ್ಲಿ ಮುಖ್ಯರು ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಹಳ್ಳಿಯ ಆಟವೊಂದು ಪಂಡಿತರ ಚರ್ಚೆಯ ವಿಷಯವಾಯಿತು. 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ, ಕಾರಂತರ ಮಾರ್ಗದರ್ಶನದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಚೌಕಿಯ ಪಾಠ ಗೋಡೆಗಳ ನಡುವೆ, ವೇಳಾಪಟ್ಟಿಯೊಂದಿಗೆ ನಡೆಯತೊಡಗಿತು.

ಅಲ್ಲಿಗೆ ಗುರುಗಳಾಗಿ ಬಂದವರು ಮೇಳದಲ್ಲಿ ಪಳಗಿದವರೇ. ಹೆಜ್ಜೆಗೆ ಮಟಪಾಡಿ ವೀರಭದ್ರ ನಾಯಕರು, ಹಾಡಿಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಗೆ ಹಿರಿಯಡಕ ಗೋಪಾಲ ರಾಯರು. ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡ ಗೋಪಾಲ ರಾಯರಲ್ಲಿ ಕಲಿತವರಲ್ಲಿ ಅಮೆರಿಕದ ಮಾರ್ತಾ ಆಶ್ಟನ್ ಒಬ್ಬರು. ಬಡಗುತಿಟ್ಟಿನ ಬಗ್ಗೆ ಸಂಶೋಧನೆ ಮಾಡಿದ ಆಕೆ ಬ್ರೂಸ್ ಕ್ರಿಸ್ಟಿಯವರ ಜೊತೆ ಬರೆದ ಇಂಗ್ಲಿಷ್ ಗ್ರಂಥ 1977ರಲ್ಲಿ ಪ್ರಕಟವಾಯಿತು. ಮುಂದೆ ಬನ್ನಂಜೆ ಸಂಜೀವ ಸುವರ್ಣರ ಕಾಲದಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳೂ ಈ ಹೆಜ್ಜೆ ಕಲಿತರು. ಕೇಂದ್ರದ ಮಕ್ಕಳು ಅಲ್ಲಿಯೇ ಉಳಿದು, ಹಗಲು ಸಾಮಾನ್ಯ ಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ಹೆಜ್ಜೆ ಕಲಿಯುವ ಪದ್ಧತಿ ಬಂತು. ಓದು ಬಿಟ್ಟು ಮೇಳ ಸೇರಬೇಕೆಂಬ ಹಳೆಯ ಕಟ್ಟು ಅಲ್ಲಿಗೆ ಸಡಿಲವಾಯಿತು.

ಇತ್ತ 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿ, ಶಾಲೆಗೆ ಹೋಗುವ ಮಕ್ಕಳೇ ಪೂರ್ಣಪ್ರಮಾಣದ ಆಟ ಆಡಬಲ್ಲರೆಂದು ತೋರಿಸಿದರು. ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರ ವೃತ್ತಿಮೇಳಗಳಿಗೆ ಕಲಾವಿದರನ್ನು ತಯಾರು ಮಾಡಿತು. 1986ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಶ್ರೀಮಯ ಕಲಾಕೇಂದ್ರ ತೆರೆದರು. ಈಚಿನ ವರ್ಷಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಉಡುಪಿ ಭಾಗದ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಕಲಿಸುತ್ತಿದೆ. ಆ ಮಕ್ಕಳು ಉಡುಪಿ, ಬ್ರಹ್ಮಾವರಗಳಲ್ಲಿ ಕಿಶೋರ ಯಕ್ಷಗಾನವಾಡುತ್ತಾರೆ. 2010ರ ದಶಕದಲ್ಲಿ ಸರಕಾರದ ಪಠ್ಯಪುಸ್ತಕ ಸಂಘವೇ ಯಕ್ಷಗಾನಕ್ಕೆ ಪಠ್ಯಪುಸ್ತಕ ಹೊರತಂದಿತು.

ಈ ತರಗತಿಗಳ ಅತಿದೊಡ್ಡ ಲಾಭವನ್ನು ಪಡೆದವರು ಹೆಣ್ಣುಮಕ್ಕಳು. ಚೌಕಿಯ ಏಣಿ ಗಂಡುಹುಡುಗರಿಗಷ್ಟೇ ಇತ್ತು. ಊರೂರು ತಿರುಗುವ ಮೇಳದಲ್ಲಿ ಹುಡುಗಿಗೆ ಜಾಗವಿರಲಿಲ್ಲ. ಶಾಲೆಯ ಅಂಗಳದಲ್ಲಿ ಕಲಿಕೆ ಆರಂಭವಾದಾಗ ಆಕೆಯೂ ಮುಂಡಾಸು ಕಟ್ಟಿದಳು, ದಿಗಿಣ ಹಾಕಿದಳು. ಹಳೆಯ ಪದ್ಧತಿಯನ್ನು ಹೊಗಳುವಾಗ ಈ ಮಾತನ್ನು ಬಿಡಬಾರದು.

ಅಳೆಯುವುದು ಹೇಗೆ?

ನೃತ್ಯವನ್ನು ವಿದ್ಯೆಯ ವಿಷಯವಾಗಿ ಒಪ್ಪಿಕೊಳ್ಳಲು ಜಗತ್ತಿಗೂ ಸಮಯ ಹಿಡಿದಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಗರೆಟ್ ಹೆಚ್‌ಡೌಬ್ಲರ್ ನೃತ್ಯಕ್ಕೆ ಪದವಿ ತರಗತಿ ಆರಂಭಿಸಿದ್ದು 1926ರಲ್ಲಿ. ನಮ್ಮಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನಕ್ಕೆ ಮಣಿಪುರಿ ಗುರುಗಳನ್ನು ಕರೆಸಿದರು. 1930ರಲ್ಲಿ ವಳ್ಳತ್ತೋಳರು ಕೇರಳ ಕಲಾಮಂಡಲಂ ಸ್ಥಾಪಿಸಿದರು. ಕರ್ನಾಟಕದಲ್ಲಿ ಭರತನಾಟ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿತು.

ಕಥಕಳಿಗೆ ಪಠ್ಯಕ್ರಮದ ಬಾಗಿಲು ಬೇಗ ತೆರೆದದ್ದಕ್ಕೆ ಒಂದು ಕಾರಣ ಸ್ಪಷ್ಟ. ಅದರ ಕೈಮುದ್ರೆಗಳಿಗೆ ಲಕ್ಷಣಗ್ರಂಥವಿದೆ. ಮೂಲಮುದ್ರೆಗಳು ಇಪ್ಪತ್ತನಾಲ್ಕು ಎಂದು ಎಣಿಸಿಟ್ಟಿದ್ದಾರೆ. ಎಣಿಸಿದ್ದನ್ನು ಪರೀಕ್ಷೆಯಲ್ಲಿ ಕೇಳುವುದು ಸುಲಭ. ಕಥಕಳಿಯ ಪಾತ್ರ ಮಾತನಾಡುವುದೂ ಇಲ್ಲ. ಯಕ್ಷಗಾನದ ದಾರಿ ಬೇರೆ. ಇಲ್ಲಿ ಪದ್ಯ ಮಾತ್ರ ನಿಶ್ಚಿತ. ಅರ್ಥಗಾರಿಕೆ ಆ ಕ್ಷಣದ ಸೃಷ್ಟಿ. ಕುಣಿತಕ್ಕೂ ಹಾಗೆಯೇ. ತ್ರಿವುಡೆ ತಾಳಕ್ಕೆ ಏಳು ಅಕ್ಷರ, ರೂಪಕಕ್ಕೆ ಆರು ಎಂಬ ಲೆಕ್ಕ ಕಲಿಸಬಹುದು. ಆದರೆ ಭಾಗವತ ಯಾವ ಗತಿಯಲ್ಲಿ ಎತ್ತಿಕೊಳ್ಳುತ್ತಾನೆ, ಮದ್ದಳೆ ಎಲ್ಲಿ ಒತ್ತು ಕೊಡುತ್ತದೆ, ಎದುರು ವೇಷ ಎಷ್ಟು ಜಾಗ ಬಿಡುತ್ತದೆ ಎಂಬುದನ್ನು ಅಲ್ಲಿಯೇ ಕೇಳಿ ಹೆಜ್ಜೆ ಇಡಬೇಕು. ಒಬ್ಬನನ್ನೇ ಕೊಠಡಿಯಲ್ಲಿ ನಿಲ್ಲಿಸಿ, ಧ್ವನಿಮುದ್ರಿಕೆ ಹಾಕಿ ಕುಣಿಸಿದರೆ ಪರೀಕ್ಷಕನಿಗೆ ಕಾಣುವುದು ಯಕ್ಷಗಾನದ ಕಾಲು ಭಾಗ.

ಕಾರಂತರ ಪ್ರಯೋಗಗಳಲ್ಲಿಯೇ ಈ ತೊಡಕಿನ ನೆರಳಿದೆ. ಅವರು ಮಾತನ್ನು ತೆಗೆದು, ಅವಧಿಯನ್ನು ಇಳಿಸಿ, ಪಿಟೀಲು ಮತ್ತು ಸ್ಯಾಕ್ಸೊಫೋನ್ ಸೇರಿಸಿ ಹೊಸ ರೂಪ ಕಟ್ಟಿದರು. ಕನ್ನಡ ಬಾರದವರಿಗೂ ಯಕ್ಷಗಾನ ತಲುಪಿತು. ಮಾತಿಲ್ಲದ ಮೇಲೆ ಅದು ಯಕ್ಷಗಾನವೇ ಎಂಬ ಆಕ್ಷೇಪವೂ ಎದ್ದಿತು. ಕಲೆಯನ್ನು ತರಗತಿಗೆ ತರುವಾಗಲೂ ಇದೇ ಆಮಿಷವಿರುತ್ತದೆ. ಅಳೆಯಲು ಬರುವುದನ್ನು ಉಳಿಸಿಕೊಂಡು, ಬಾರದ್ದನ್ನು ಬಿಟ್ಟುಬಿಡುವ ಆಮಿಷ.

ಇಂದಿನ ಶಾಲಾ ತರಬೇತಿಯಲ್ಲಿ ಅದರ ಲಕ್ಷಣಗಳು ಕಾಣತೊಡಗಿವೆ. ವಾರ್ಷಿಕೋತ್ಸವದ ದಿನ ಹತ್ತಿರ ಬಂದಂತೆ ಮಗುವಿಗೆ ಒಂದು ಪಾತ್ರ, ಆ ಪಾತ್ರದ ಐದಾರು ಪದ್ಯ, ಬಾಯಿಪಾಠದ ಮಾತು. ಮಗು ಚೆನ್ನಾಗಿಯೇ ಕುಣಿಯುತ್ತದೆ. ಬೇರೆ ಪ್ರಸಂಗ, ಬೇರೆ ಭಾಗವತ ಸಿಕ್ಕರೆ ಮಾತ್ರ ನಿಂತುಬಿಡುತ್ತದೆ. ತಪ್ಪು ಮಗುವಿನದಲ್ಲ, ದಣಿಯದೆ ಕಲಿಸುವ ಗುರುವಿನದೂ ಅಲ್ಲ. ಕೋಡಂಗಿಯ ಮೆಟ್ಟಿಲನ್ನು ತುಳಿಯದೆ ನೇರ ಅಭಿಮನ್ಯುವಾದರೆ ಹೀಗಾಗುವುದು ಸಹಜ.

ಆದುದರಿಂದ ಯಕ್ಷಗಾನವನ್ನು ಪಿಯುಸಿಯ ಒಂದು ಐಚ್ಛಿಕ ವಿಷಯವಾಗಿಸಬೇಕೆಂದು ಕೇಳುವವರು ಕಥಕಳಿಯ ಪಠ್ಯಕ್ರಮವನ್ನು ನಕಲು ಮಾಡಹೊರಡಬೇಕಿಲ್ಲ. ಪಠ್ಯಕ್ರಮ ನಮ್ಮ ಬಯಲಿನಲ್ಲಿಯೇ ಸಿದ್ಧವಾಗಿದೆ. ಮೊದಲ ವರ್ಷಕ್ಕೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಎರಡನೇ ವರ್ಷಕ್ಕೆ ಒಡ್ಡೋಲಗ, ಯುದ್ಧಕುಣಿತ, ಮಾತು. ಲಿಖಿತ ಪರೀಕ್ಷೆಗೆ ತಾಳ, ಛಂದಸ್ಸು, ಪ್ರಸಂಗ ಸಾಹಿತ್ಯ, ಹಾರಾಡಿ ಮಟಪಾಡಿಗಳ ಇತಿಹಾಸ. ಪ್ರಾಯೋಗಿಕ ಪರೀಕ್ಷೆ ನಡೆಯುವಾಗ ಹಿಮ್ಮೇಳ ಎದುರಿಗೇ ಕುಳಿತಿರಲಿ. ಭಾಗವತ ಆರಿಸಿಕೊಂಡ ಪದ್ಯಕ್ಕೆ ವಿದ್ಯಾರ್ಥಿ ಹೆಜ್ಜೆ ಹಾಕಲಿ. ಕಲಿಸುವ ಗುರುಗಳನ್ನು ಅಂಕಪಟ್ಟಿಗಳಿಂದಲ್ಲ, ತಿರುಗಾಟದ ಅನುಭವದಿಂದ ಆರಿಸಬೇಕು. ಪದವಿಯಿಲ್ಲದ ಹಿರಿಯ ಕಲಾವಿದನನ್ನು ಹೊರಗೆ ನಿಲ್ಲಿಸಿದರೆ ವಿಷಯ ಉಳಿದೀತು, ವಿದ್ಯೆ ಉಳಿಯದು.

ಮಂದಾರ್ತಿ, ಮಾರಣಕಟ್ಟೆಯಂಥ ಕ್ಷೇತ್ರಗಳ ಮೇಳಗಳು ತಿರುಗಾಟ ನಡೆಸುತ್ತಲೇ ಇವೆ, ಹರಕೆಯ ಆಟಗಳಿಗೆ ಭಕ್ತರ ಕೊರತೆಯಿಲ್ಲ. ಆಟ ನಿಲ್ಲುವ ಭಯವೇನೂ ಸದ್ಯಕ್ಕಿಲ್ಲ. ಆ ಆಟಗಳಲ್ಲಿ ನಾಳೆ ಎರಡನೇ ವೇಷ ಮಾಡುವವರು ಎಲ್ಲಿ ಕಲಿತು ಬರುತ್ತಾರೆ ಎಂಬುದಷ್ಟೇ ಪ್ರಶ್ನೆ. ಹಿಂದೆ ಅದಕ್ಕೆ ಉತ್ತರವಾಗಿದ್ದವರು ಸಂಜೆ ಎಲ್ಲರಿಗಿಂತ ಮೊದಲು ರಂಗಕ್ಕೆ ಬಂದು, ಯಾರೂ ಸರಿಯಾಗಿ ನೋಡದಿದ್ದರೂ ಕುಣಿದು ಹೋಗುತ್ತಿದ್ದ ಆ ಪುಟ್ಟ ಕೋಡಂಗಿಗಳು. ಇಂದು ಅವರಿಗೊಂದು ಜಾಗ ಹುಡುಕಿಕೊಡುವ ಕೆಲಸ ಶಾಲೆ ಕಾಲೇಜುಗಳದು.