ಡೀಸೆಲ್ ಇಂಜೆಕ್ಟರ್: ಶುಚಿ ಮತ್ತು ಪರೀಕ್ಷೆ

ಹಳೆಯ ಡೀಸೆಲ್ ಕಾರಿನ ಎಂಜಿನ್ನಿಗೆ ಇಂಧನವನ್ನು ಸಿಂಪಡಿಸುವ ಇಂಜೆಕ್ಟರನ್ನು ಬಿಚ್ಚಿ, ತೊಳೆದು, ಒತ್ತಡಕ್ಕಿಟ್ಟು ನೋಡುವ ಕೆಲಸವಿದು. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಚನ್ನಪಟ್ಟಣದ ಆಸುಪಾಸಿಗೆ ಈ ಯಂತ್ರಭಾಗ ಹೊಸದಲ್ಲ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೈಕೊ (ಈಗ ಬಾಷ್) ಡೀಸೆಲ್ ಪಂಪು ಮತ್ತು ಇಂಜೆಕ್ಟರಿನ ಸಿಂಪಡಿಸುವ ತುದಿಯಾದ ನಾಝಲ್‌ಗಳನ್ನು ತಯಾರಿಸಿತು. 2000ದಲ್ಲಿ ಮಾರುಕಟ್ಟೆಗೆ ಬಂದ, ಡೀಸೆಲ್ ಎಂಜಿನ್ನಿನ ಟೊಯೊಟಾ ಕ್ವಾಲಿಸ್ ಕೂಡ ನೆರೆಯ ಬಿಡದಿಯ ಕಾರ್ಖಾನೆಯದು.

ಇಂಜೆಕ್ಟರ್ ಕೆಟ್ಟಿರುವ ಲಕ್ಷಣಗಳು: ಕಪ್ಪು ಹೊಗೆ, ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸುವುದು, ಎಂಜಿನ್ ಬಡಿತ, ಮೈಲೇಜ್ ಇಳಿಕೆ.

ಶುಚಿ: ನಾಝಲ್‌ನ ಬಾಡಿ ಮತ್ತು ಸೂಜಿ ಒಂದಕ್ಕೊಂದು ಹೊಂದಿಸಿ ಅರೆದ ಜೋಡಿ, ಅದಲುಬದಲು ಮಾಡುವಂತಿಲ್ಲ. ಮಸಿಯನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಶುದ್ಧ ಡೀಸೆಲ್‌ನಲ್ಲಿ ಅದ್ದಿ ತೆಗೆಯುತ್ತಾರೆ. ಬಾಡಿಯನ್ನು ಓರೆಯಾಗಿ ಹಿಡಿದಾಗ ಸೂಜಿ ತನ್ನ ಭಾರಕ್ಕೇ ಒಳಗೆ ಜಾರಬೇಕು.

ಪರೀಕ್ಷೆ: ಇಂಜೆಕ್ಟರನ್ನು ಕೈಪಂಪಿನ ಟೆಸ್ಟರಿಗೆ ಕೂಡಿಸಿ ಹಿಡಿಕೆ ಒತ್ತುತ್ತಾರೆ. ಹಳೆಯ ಕಾರುಗಳ ಪಿಂಟಲ್ (ಸೂಜಿಯ ತುದಿಯಲ್ಲಿ ಸಣ್ಣ ಕಡ್ಡಿಯಿರುವ) ನಾಝಲ್‌ಗಳು ಸಾಮಾನ್ಯವಾಗಿ 100ರಿಂದ 150 ಬಾರ್ ಒತ್ತಡದಲ್ಲಿ ತೆರೆಯುತ್ತವೆ; ನಿಖರ ಅಂಕಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಒತ್ತಡ ಕಡಿಮೆಯಾದರೆ ಸ್ಪ್ರಿಂಗ್ ಮೇಲೆ ಇನ್ನಷ್ಟು ದಪ್ಪನೆಯ ಶಿಮ್ (ಲೋಹದ ಬಿಲ್ಲೆ) ಹಾಕುತ್ತಾರೆ. ಡೀಸೆಲ್ ಧಾರೆಯಾಗದೆ ಮಂಜಿನಂತೆ ಚಿಮ್ಮಬೇಕು. ತೆರೆಯುವ ಒತ್ತಡಕ್ಕಿಂತ 10–20 ಬಾರ್ ಕೆಳಗೆ ಸುಮಾರು 10 ಸೆಕೆಂಡು ಹಿಡಿದಾಗ ತುದಿಯಲ್ಲಿ ಹನಿ ಕೂಡಬಾರದು.

ಎಚ್ಚರಿಕೆ: ಈ ಸಿಂಪರಣೆ ಚರ್ಮವನ್ನೂ ಭೇದಿಸಿ ಒಳಹೊಗುವುದರಿಂದ ಕೈ ಅಡ್ಡ ಹಿಡಿಯಬಾರದು. ಮರುಜೋಡಣೆಯಲ್ಲಿ ತಾಮ್ರದ ವಾಷರ್ ಹೊಸದೇ ಇರಬೇಕು.