ವಿದ್ಯುತ್ ಮಾರ್ಗಗಳ ಸುರಕ್ಷತಾ ಅಂತರ

ಅಧಿಕ ವೋಲ್ಟೇಜಿನ ತಂತಿಗೂ ನೆಲ, ಗೋಪುರ, ಮರ, ಕಟ್ಟಡಗಳಿಗೂ ನಡುವೆ ಬಿಡಲೇಬೇಕಾದ ಎಡೆ. ಈ ತಂತಿಗಳಿಗೆ ಸಾಮಾನ್ಯವಾಗಿ ಹೊದಿಕೆ ಇರುವುದಿಲ್ಲ. ಸುತ್ತಲಿನ ಗಾಳಿಯೇ ನಿರೋಧಕ. ಗೋಪುರದ ಬಳಿ ಮಾತ್ರ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸರ ತಂತಿಯನ್ನು ಹಿಡಿದಿರುತ್ತದೆ. ತೋಟದಲ್ಲಿ ಲೋಹದ ದೋಟಿ ಎತ್ತುವವರು ಮರೆಯುವುದು ಇದನ್ನೇ: ತಂತಿಯನ್ನು ಮುಟ್ಟಬೇಕೆಂದಿಲ್ಲ, ತೀರಾ ಸಮೀಪಿಸಿದರೂ ಕಿಡಿ ಹಾರೀತು.

ಭಾರತದ 1956ರ ವಿದ್ಯುಚ್ಛಕ್ತಿ ನಿಯಮಗಳು 33 ಕಿಲೋವೋಲ್ಟ್‌ಗೆ ನೆಲದಿಂದ 5.2 ಮೀಟರ್ ವಿಧಿಸಿ, ಅದರಾಚೆಯ ಪ್ರತಿ 33 ಕಿಲೋವೋಲ್ಟ್‌ಗೆ, ಅಥವಾ ಅದರ ಭಾಗಕ್ಕೂ, 0.3 ಮೀಟರ್ ಕೂಡಿಸಿದವು. ಆ ಲೆಕ್ಕದಲ್ಲಿ 220 ಕಿಲೋವೋಲ್ಟ್ ಮಾರ್ಗಕ್ಕೆ 7 ಮೀಟರ್. ತಂತಿ ಎಳೆದ ದಿನದ ಎತ್ತರ ಗಣನೆಗಿಲ್ಲ. ಬಿಸಿಲೂ ಹೊರೆಯೂ ಏರಿ ಲೋಹ ಹಿಗ್ಗಿದಾಗ ಜೋತುಬೀಳುವ ಅತಿ ತಗ್ಗಿನ ಬಿಂದುವೇ ಅಳತೆ. 400 ಕಿಲೋವೋಲ್ಟ್ ಮತ್ತು ಮೇಲ್ಪಟ್ಟ ಮಾರ್ಗಗಳಲ್ಲಿ ಸಿಡಿಲಿಗಿಂತ ಸ್ವಿಚ್ಚಿಂಗ್ ವೇಳೆಯ ಕ್ಷಣಿಕ ವೋಲ್ಟೇಜ್ ಏರಿಕೆಯೇ ಗೋಪುರದ ಅಂತರವನ್ನು ಹೆಚ್ಚಾಗಿ ನಿರ್ಧರಿಸುತ್ತದೆ.