ಶನಿವಾರ ಮುಚ್ಚಿರುತ್ತಿದ್ದ ಬಂದರು

ಗ್ರೀಸ್ ದೇಶದ ಥೆಸಲೋನಿಕಿ ನಗರದಲ್ಲಿ ‘ರೊಟುಂಡ’ ಎಂಬ ದುಂಡನೆಯ ಕಟ್ಟಡವೊಂದಿದೆ. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಗೆಲೇರಿಯಸ್ ಕಟ್ಟಿಸಿದ ಇದು ಮುಂದೆ ಚರ್ಚ್ ಆಯಿತು, 1591ರಲ್ಲಿ ಮಸೀದಿಯಾಯಿತು, 1912ರ ಬಳಿಕ ಮತ್ತೆ ಚರ್ಚ್. ಅದರ ಪಕ್ಕದಲ್ಲೊಂದು ಮಿನಾರವಿದೆ. ಮಿನಾರಗಳ ಸಾಲಿನಿಂದಲೇ ದೂರದ ಹಡಗುಗಳಿಗೆ ಕಾಣುತ್ತಿದ್ದ ಊರಿನಲ್ಲಿ ಇನ್ನೂ ನಿಂತಿರುವುದು ಅದೊಂದೇ.

ಉಸ್ಮಾನಿ ಸುಲ್ತಾನ ಎರಡನೇ ಮುರಾದ್ 1430ರಲ್ಲಿ ಈ ಬಂದರನ್ನು ಗೆದ್ದ. ತುರ್ಕರ ಬಾಯಲ್ಲಿ ಅದು ಸೆಲಾನಿಕ್. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದಾಗ ಸಾವಿರಾರು ಮಂದಿಗೆ ಇಲ್ಲಿ ನೆಲೆ ಸಿಕ್ಕಿತು. ಇದನ್ನು ಬರೀ ಔದಾರ್ಯವೆಂದು ಕೊಂಡಾಡಬೇಕಿಲ್ಲ. ಕಸುಬುದಾರರೂ ತೆರಿಗೆ ಕಟ್ಟುವವರೂ ಸಾಮ್ರಾಜ್ಯಕ್ಕೆ ಬೇಕಿದ್ದರು. ಜಾನಿಸಾರಿ ಸೈನಿಕರ ಸಮವಸ್ತ್ರದ ಉಣ್ಣೆ ಬಟ್ಟೆ ನೇಯ್ದವರು ಈ ಯಹೂದಿಗಳೇ. ಸ್ಪೇನಿನಿಂದ ತಂದ ಹಳೆಯ ನುಡಿಯನ್ನು ಅವರು ನಾನೂರು ವರ್ಷ ಮನೆಮಾತಾಗಿ ಉಳಿಸಿಕೊಂಡರು. ಬಂದರಿನ ಹಮಾಲರಲ್ಲೂ ಅವರೇ ಹೆಚ್ಚು. ಹಾಗಾಗಿ ಮುಸ್ಲಿಮ್ ಸುಲ್ತಾನನ ಬಂದರು ಯಹೂದಿಗಳ ಸಬ್ಬತ್ತಿಗೆ, ಅಂದರೆ ಶನಿವಾರ, ಕೆಲಸ ನಿಲ್ಲಿಸುತ್ತಿತ್ತು!

1912ರಲ್ಲಿ ಗ್ರೀಕ್ ಸೇನೆ ನಗರವನ್ನು ಪ್ರವೇಶಿಸಿತು. ಮರುವರ್ಷದ ಜನಗಣತಿಯಲ್ಲಿ ಯಹೂದಿಗಳು ಸುಮಾರು 61 ಸಾವಿರ, ತುರ್ಕರು 46 ಸಾವಿರ, ಗ್ರೀಕರು 40 ಸಾವಿರ. ಯಾರೂ ಬಹುಸಂಖ್ಯಾತರಲ್ಲ. ಹಾಗಾದರೆ ಊರು ಯಾರದು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜನರನ್ನು ಖಾಲಿ ಮಾಡಿಸುವ ಮೂಲಕ.

1923ರಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನೇ ವಿನಿಮಯ ಮಾಡಿಕೊಂಡವು. ಅಳತೆಗೋಲು ಧರ್ಮ, ಭಾಷೆಯಲ್ಲ. ತುರ್ಕಿ ಮಾತನಾಡುವ ಕ್ರೈಸ್ತರು ಗ್ರೀಸಿಗೆ ಬಂದರು, ಗ್ರೀಕ್ ಮಾತನಾಡುವ ಮುಸ್ಲಿಮರು ತುರ್ಕಿಗೆ ಹೋದರು. ಇಬ್ಬರಿಗೂ ‘ಸ್ವದೇಶ’ದ ಮಾತು ಅರ್ಥವಾಗುತ್ತಿರಲಿಲ್ಲ. ಹದಿನೇಳನೇ ಶತಮಾನದಲ್ಲಿ ಇಸ್ಲಾಮ್ ಸೇರಿದ್ದ ಯಹೂದಿ ಮೂಲದ ದೋನ್ಮೆಗಳೂ ಮುಸ್ಲಿಮರ ಲೆಕ್ಕದಲ್ಲಿ ಊರು ಬಿಟ್ಟರು. ಅವರು 1902ರಲ್ಲಿ ಕಟ್ಟಿಸಿದ್ದ ಹೊಸ ಮಸೀದಿ ಮುಂದೆ ವಸ್ತುಸಂಗ್ರಹಾಲಯವಾಯಿತು. 1924ರಲ್ಲಿ ಭಾನುವಾರದ ರಜೆಯನ್ನು ಕಾನೂನು ಕಡ್ಡಾಯ ಮಾಡಿತು. ಶನಿವಾರ ಮುಚ್ಚುತ್ತಿದ್ದ ಯಹೂದಿ ವ್ಯಾಪಾರಿ ವಾರಕ್ಕೆ ಎರಡು ದಿನದ ದುಡಿಮೆ ಕಳೆದುಕೊಂಡ.

ದೋನ್ಮೆಗಳ ಮಟ್ಟಿಗೆ ಆ ಗಡೀಪಾರೇ ಜೀವದಾನವಾಯಿತು. ಏಕೆಂದರೆ 1943ರ ಮಾರ್ಚ್‌ನಿಂದ ನಾಝಿಗಳು ನಗರದ ಯಹೂದಿಗಳನ್ನು ರೈಲಿನಲ್ಲಿ ತುಂಬಿ ಔಶ್‌ವಿಟ್ಸ್‌ಗೆ ಸಾಗಿಸಿದರು, 40 ಸಾವಿರಕ್ಕೂ ಹೆಚ್ಚು ಜನರನ್ನು. ಅದಕ್ಕೂ ಮೊದಲೇ, 1942ರ ಡಿಸೆಂಬರ್‌ನಲ್ಲಿ, ಅವರ ಪುರಾತನ ದಫನಭೂಮಿಯನ್ನು ಕೆಡವಲಾಗಿತ್ತು. ಗೋರಿಕಲ್ಲುಗಳು ಗೋಡೆ, ಅಂಗಳಗಳಿಗೆ ಹೋದವು. ಆ ನೆಲದ ಮೇಲೆ ಇಂದು ವಿಶ್ವವಿದ್ಯಾನಿಲಯವಿದೆ. ಕೆಳಗೆ ಯಾರಿದ್ದಾರೆಂದು ಹೇಳುವ ಸ್ಮಾರಕವೊಂದು ಅದರ ಆವರಣದಲ್ಲಿ ಎದ್ದು ನಿಂತದ್ದು 2014ರಲ್ಲಿ.